ಬಾಯಿ ಮುಚ್ಚಿಕೊಂಡು ಹಾಡುವ ಪೆಟ್ಟಿಗೆ

ಹೈ-ಫೈ ಹುಚ್ಚು ಹತ್ತಿದವರು ಊಟಕ್ಕೆ ಕರೆದರೆ ಮನೆಯಲ್ಲೇ ಎರಡು ತುತ್ತು ಉಂಡು ಹೋಗುವುದು ಕ್ಷೇಮ. ಎಲೆ ಹಾಕುವ ಮೊದಲು "ಐದೇ ನಿಮಿಷ, ಒಂದು ಹಾಡು ಕೇಳಿಬಿಡಿ" ಎನ್ನುತ್ತಾರೆ. ಆ ಹಾಡನ್ನು ಪೂರ್ತಿ ಕೇಳುವ ಭಾಗ್ಯ ನಿಮಗಿಲ್ಲ. ಪಲ್ಲವಿ ಮುಗಿಯುವ ಮೊದಲೇ ನಿಲ್ಲಿಸಿ, "ಕೇಳಿಸಿತಾ? ಮೃದಂಗದ ಎಡಗಡೆ?" ಎಂದು ನಿಮ್ಮ ಮುಖ ನೋಡುತ್ತಾರೆ. ಕೇಳಿಸಿತು ಅಂದರೆ ಇನ್ನೊಂದು ಹಾಡು. ಕೇಳಿಸಲಿಲ್ಲ ಅಂದರೆ ಅದೇ ಹಾಡು, ಇನ್ನಷ್ಟು ಜೋರಾಗಿ. ಒಳಗಡೆ ಸಾರು ಆರುತ್ತಿರುತ್ತದೆ.

ನನ್ನ ಷಡ್ಡಕರು ಈ ಪಂಥದವರು. ಹೆಸರು ಹೇಳುವ ಹಾಗಿಲ್ಲ. ಹೇಳಿದರೆ ದೂರು ನೇರ ನನ್ನ ಅಡುಗೆಮನೆಯಿಂದಲೇ ಬರುತ್ತದೆ. ಅವರ ಹಾಲಿನಲ್ಲಿ ಎರಡು ಸ್ಪೀಕರುಗಳು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿವೆ, ಮನೆಯವರು ಅವುಗಳ ಪಕ್ಕ ಅಡ್ಡಡ್ಡ ನಡೆದು ದಾಟುತ್ತಾರೆ. ನೆಂಟರ ಮಕ್ಕಳು ಬಂದರೆ ಷಡ್ಡಕರ ಎದೆ ಹೊಡೆದುಕೊಳ್ಳುತ್ತದೆ. ಮೇಲಿನ ಸ್ವರ ನುಡಿಸುವ ಟ್ವೀಟರಿನ ಮಧ್ಯೆ ರೇಷ್ಮೆಯ ಒಂದು ಪುಟ್ಟ ಗುಮ್ಮಟ ಇರುತ್ತದಲ್ಲ, 25 ಮಿಲಿಮೀಟರಿನದು, ಅದನ್ನು ಕಂಡ ಯಾವ ಮಗುವೂ ಬೆರಳಿಟ್ಟು ಒತ್ತದೆ ಬಿಟ್ಟದ್ದಿಲ್ಲ. ಒತ್ತಿದ ಮೇಲೆ ಅದು ಪುಚಕ್ಕನೆ ಒಳಗೆ ಹೋಗುತ್ತದೆ. ಷಡ್ಡಕರ ಮುಖವೂ.

ಅವರ ಉಪನ್ಯಾಸ ಕೇಳಿ ಕೇಳಿ, ಅವರು ಹೇಳುವುದರಲ್ಲಿ ಎಷ್ಟು ನಿಜ ಎಂದು ತಿಳಿಯುವ ಚಪಲಕ್ಕೆ ನಾನೂ ಓದಲು ಹತ್ತಿದೆ. ಓದಿದ್ದರಿಂದ ತಿಳಿದದ್ದು ಇಷ್ಟು: ಲೌಡ್‌ಸ್ಪೀಕರ್ ಎಂಜಿನಿಯರುಗಳು ನೂರು ವರ್ಷಗಳಿಂದ ಮಾಡುತ್ತಿರುವುದು ಒಂದೇ ಕೆಲಸ. ಕೋನಿಗೆ ಸುಮ್ಮನಿರು ಅನ್ನುವುದು, ಪೆಟ್ಟಿಗೆಗೆ ಸುಮ್ಮನಿರು ಅನ್ನುವುದು, ಪೆಟ್ಟಿಗೆಯೊಳಗಿನ ಗಾಳಿಗೂ ಸುಮ್ಮನಿರು ಅನ್ನುವುದು. ಕೊಂಡವರಿಗೆ ಮಾತ್ರ ಆ ಮಾತನ್ನು ಯಾರೂ ಹೇಳಿಲ್ಲ.

ಮೂಲ ಯಂತ್ರ ಸರಳ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಅದನ್ನು ಲೋಕದ ಮುಂದಿಟ್ಟರು. ಒಂದು ಕಾಗದದ ಕೋನು, ಅದರ ಕತ್ತಿಗೆ ತಾಮ್ರದ ತಂತಿಯ ಸುರುಳಿ, ಸುರುಳಿಯ ಸುತ್ತ ಆಯಸ್ಕಾಂತ. ತಂತಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಕೋನೂ ಹಿಂದೆ ಮುಂದೆ ಆಡುತ್ತದೆ, ಎದುರಿನ ಗಾಳಿಯನ್ನು ನೂಕುತ್ತದೆ, ನಿಮ್ಮ ಕಿವಿಗೆ ಹಾಡು. ಇವತ್ತು ಕಾರಿನಷ್ಟು ಬೆಲೆಯ ಸ್ಪೀಕರ್ ಬಿಚ್ಚಿದರೂ ಸಾಮಾನ್ಯವಾಗಿ ಒಳಗೆ ಕಾಣುವುದು ಇದೇ. ಅಷ್ಟು ಹಣ ಕೊಟ್ಟವರ ಎದುರು ಈ ಮಾತು ಆಡಬೇಡಿ.

ತೊಂದರೆ ಎಲ್ಲಿ ಅಂದರೆ, ಕೋನು ಹೇಳಿದಷ್ಟೇ ಮಾಡುವುದಿಲ್ಲ. ತಗ್ಗಿನ ಸ್ವರಗಳಿಗೆ ಇಡಿಯಾಗಿ ಚಲಿಸುತ್ತದೆ. ಮೇಲೇರಿದಂತೆ ಅಂಚು ಒಂದು ಕಡೆ, ನಡು ಒಂದು ಕಡೆ ಬಾಗಿ, ತನ್ನದೇ ಸ್ವರ ಸೇರಿಸಲು ಶುರುಮಾಡುತ್ತದೆ. ಇಲ್ಲಿ ಮೃದಂಗ ನೆನಪಾಗುತ್ತದೆ. ಅದರ ಬಲಮುಖದ ಕಪ್ಪು ಕರಣೆ ಏಕೆ ಎಂಬುದನ್ನು ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಬಿಡಿಸಿ ಹೇಳಿದ್ದರು. ಬರಿಯ ಚರ್ಮ ಬಡಿದರೆ ಉಪಸ್ವರಗಳು ಒಂದಕ್ಕೊಂದು ಹೊಂದದೆ ದೊಂಬಿಯಾಗುತ್ತವೆ. ನಡುವೆ ಕರಣೆ ಮೆತ್ತಿದರೆ ಅವು ಸಾಲಾಗಿ ನಿಂತು ಶ್ರುತಿಗೆ ಬರುತ್ತವೆ. ವಾದ್ಯ ಮಾಡುವವನಿಗೆ ಚರ್ಮ ಚೆನ್ನಾಗಿ ಹಾಡಬೇಕು. ಸ್ಪೀಕರ್ ಮಾಡುವವನಿಗೆ ಕೋನು ತಾನಾಗಿ ಹಾಡಲೇಬಾರದು. ಮೃದಂಗ ಬಂದರೆ ಮೃದಂಗವಾಗಬೇಕು, ಪಿಟೀಲು ಬಂದರೆ ಪಿಟೀಲಾಗಬೇಕು, ಮುಗಿದ ಮರುಕ್ಷಣ ಏನೂ ಆಗಿರಬಾರದು. ಹಾಗಾಗಿ ಕಾಗದ ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದರು, ಅದರ ಮೇಲೆ ಅಂಟಂಟು ಲೇಪ ಬಳಿದರು. ಬಿಬಿಸಿಯಲ್ಲಿ ಸಂಶೋಧಕರಾಗಿದ್ದ ಡಡ್ಲಿ ಹಾರ್ವುಡ್ ಪಾಲಿಪ್ರೊಪಿಲೀನಿನ ಕೋನು ಮಾಡಿ, 1977ರಲ್ಲಿ ತಮ್ಮದೇ ಕಂಪನಿ ತೆರೆದರು. ತಮ್ಮ ಹೆಸರಿನ ತುಂಡಿಗೆ ಹೆಂಡತಿ ಎಲಿಜಬೆತ್ತಳ ಹೆಸರಿನ ತುಂಡು ಸೇರಿಸಿ ಹಾರ್ಬೆತ್ ಎಂದು ಕರೆದರು. ಅದಕ್ಕೂ ಮೊದಲು ಬಿಬಿಸಿಯ ಇನ್ನೊಬ್ಬರು, ಸ್ಪೆನ್ಸರ್ ಹ್ಯೂಸ್, ಹೆಂಡತಿ ಡೊರೊತಿಯ ಹೆಸರು ಸೇರಿಸಿ ಸ್ಪೆಂಡರ್ ಎಂದಿಟ್ಟಿದ್ದರು. ಹಾಲಿನಲ್ಲಿ ಜಾಗ ಸಿಗುವ ಉಪಾಯ ಈ ಇಂಗ್ಲಿಷರಿಗೆ ಗೊತ್ತಿತ್ತು. ನಮ್ಮ ಷಡ್ಡಕರಿಗೆ ಈ ಬುದ್ಧಿ ಹೊಳೆದಿಲ್ಲ.

ಇನ್ನು ಪೆಟ್ಟಿಗೆ. ಅದು ಚಂದಕ್ಕೆ ಇಟ್ಟದ್ದು ಎಂದುಕೊಂಡವರುಂಟು. ಕೋನು ಮುಂದೆ ಗಾಳಿ ನೂಕುವಾಗ ಹಿಂದೆ ಗಾಳಿ ಎಳೆಯುತ್ತದೆ. ಎರಡೂ ಅಲೆಗಳು ಸುತ್ತಿ ಬಳಸಿ ಸೇರಿದರೆ ಒಂದನ್ನೊಂದು ನುಂಗಿ ತಗ್ಗಿನ ಸ್ವರವೇ ಮಾಯ. 20 ಹರ್ಟ್ಸಿನ ಅಲೆ ಹದಿನೇಳು ಮೀಟರ್ ಉದ್ದ, 20,000 ಹರ್ಟ್ಸಿನದು ಒಂದೂಮುಕ್ಕಾಲು ಸೆಂಟಿಮೀಟರ್; ಕೋನನ್ನು ಸಲೀಸಾಗಿ ಬಳಸಿ ಬರುವುದು ಉದ್ದದ ಅಲೆಯೇ. ಹಿಂದಿನ ಅಲೆಯನ್ನು ಕೂಡಿಹಾಕಲಿಕ್ಕೆ ಪೆಟ್ಟಿಗೆ. 1950ರ ದಶಕದವರೆಗೆ ಒಳ್ಳೆಯ ಬೇಸ್ ಬೇಕೆಂದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ಇದನ್ನು ತಲೆಕೆಳಗು ಮಾಡಿದ. ಕೋನನ್ನು ಹಿಡಿದಿಡುವ ಸ್ಪ್ರಿಂಗುಗಳು ಅದನ್ನು ಎಳೆದು ಬಿಗಿದು ವಿಕಾರ ಮಾಡುತ್ತವಲ್ಲ, ಅವನ್ನು ಸಡಿಲ ಬಿಡೋಣ, ಗಾಳಿಯನ್ನೇ ಸ್ಪ್ರಿಂಗು ಮಾಡೋಣ ಎಂದ. ಸೈಕಲ್ ಪಂಪಿನ ತುದಿಗೆ ಹೆಬ್ಬೆಟ್ಟು ಒತ್ತಿ ಹಿಡಿಕೆ ಒಳಕ್ಕೆ ತಳ್ಳಿ ನೋಡಿ, ವಾಪಸು ಬರುತ್ತದೆ. ಪೂರ್ತಿ ಮುಚ್ಚಿದ ಚಿಕ್ಕ ಪೆಟ್ಟಿಗೆಯ ಗಾಳಿ ಕೋನಿಗೆ ಮಾಡುವುದೂ ಅದನ್ನೇ. ಅವನು ಈ ವಿಚಾರ ಹೊತ್ತು ಕಂಪನಿಗಳ ಬಾಗಿಲಿಗೆ ಹೋದರೆ ಯಾರೂ ಬೇಡವೆಂದರು. ಕೊನೆಗೆ ತನ್ನ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ ಮ್ಯಾಸಚೂಸೆಟ್ಸಿನ ಕೇಂಬ್ರಿಜಿನಲ್ಲಿ ತಾನೇ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಮಾಡಿದ. ಬೀರು ಹೋಗಿ ಪುಸ್ತಕದ ಕಪಾಟಿನ ಸ್ಪೀಕರ್ ಬಂತು.

ಬಿಟ್ಟಿಯಾಗಿ ಅಲ್ಲ. ಕ್ಲಾಸ್ ಜೊತೆ ಮುಂದೆ ಕೆಎಲ್‌ಎಚ್ ಕಂಪನಿ ಮಾಡಿದವರಲ್ಲಿ ಒಬ್ಬರು ಆಂಟನ್ ಹಾಫ್‌ಮನ್. ಅವರ ಹೆಸರಲ್ಲೊಂದು ಕಬ್ಬಿಣದ ಕಟ್ಟಳೆಯೇ ಇದೆ. ಆಳವಾದ ಬೇಸ್, ಚಿಕ್ಕ ಪೆಟ್ಟಿಗೆ, ಕಡಿಮೆ ವ್ಯಾಟಿಗೆ ಜೋರು ಧ್ವನಿ — ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, ಮೂರನೆಯದನ್ನು ಕೇಳಬೇಡಿ. ಅಂಗಡಿಯವರು ಮಾತ್ರ ಮೂರನ್ನೂ ಕೊಡುತ್ತೇವೆ ಎನ್ನುತ್ತಾರೆ, ಜೊತೆಗೆ ಕಂತಿನ ಸೌಲಭ್ಯ.

ಈಗ ನಮ್ಮ ಷಡ್ಡಕರ ಇಷ್ಟದೇವತೆಯ ಕಥೆ: ಬಿಬಿಸಿಯ ಎಲ್‌ಎಸ್ ಮೂರು ಬಾರ್ ಐದು ಎ. ಹೆಸರು ಸರ್ಕಾರಿ ಕಡತದ ನಂಬರಿನ ಹಾಗಿದೆ. ಬಿಬಿಸಿಯವರು ಸ್ಟುಡಿಯೋ ಕಟ್ಟುವ ಮೊದಲು ಅದರ ಎಂಟರಲ್ಲೊಂದು ಅಳತೆಯ ಮಾದರಿ ಕಟ್ಟಿ ಧ್ವನಿ ಪರೀಕ್ಷೆ ಮಾಡುತ್ತಿದ್ದರು. ಕೋಣೆ ಎಂಟರಲ್ಲೊಂದಾದ ಮೇಲೆ ಅಲೆಯೂ ಎಂಟರಲ್ಲೊಂದಾಗಬೇಕು. ಅಂದರೆ ಸಂಗೀತವನ್ನು ಎಂಟು ಪಟ್ಟು ವೇಗದಲ್ಲಿ ಆ ಬೊಂಬೆಮನೆಯೊಳಗೆ ನುಡಿಸಬೇಕು. ಗಂಭೀರ ಮುಖದ ಇಂಗ್ಲಿಷ್ ಎಂಜಿನಿಯರುಗಳು ಆರ್ಕೆಸ್ಟ್ರಾವನ್ನು ಗುಬ್ಬಿಗಳ ಗಲಾಟೆ ಮಾಡಿ ಕೇಳುತ್ತ ಕೂತ ದೃಶ್ಯ ನೆನೆಸಿಕೊಂಡರೆ ನನಗೆ ಈಗಲೂ ನಗು. ಆ ಕೆಲಸಕ್ಕೆ ಮಾಡಿದ ಪುಟಾಣಿ ಸ್ಪೀಕರ್ ಮಾಮೂಲು ವೇಗದಲ್ಲೂ ಸೊಗಸಾಗಿ ಮಾತಾಡಿತು. ಅದೇ ಹೊತ್ತಿಗೆ ಹೊರಾಂಗಣ ಪ್ರಸಾರದ ವ್ಯಾನುಗಳಿಗೆ ಚಿಕ್ಕದೊಂದು ಸ್ಪೀಕರ್ ಬೇಕಿತ್ತು. ಸ್ವಲ್ಪ ತಿದ್ದಿ ಮಾಡಿದರು. ಹೆಚ್ಚು ಬೇಕೆಂದು ಮತ್ತೆ ತಯಾರಿಸಲು ಹೋದರೆ ಕೆಇಎಫ್ ಕಂಪನಿಯಿಂದ ಬರುವ ಕೋನುಗಳ ಗುಣವೇ ಅಷ್ಟರಲ್ಲಿ ಬದಲಾಗಿತ್ತು, ಮತ್ತೆ ಮೊದಲಿನಿಂದ ಲೆಕ್ಕ. ಹೆಸರಿನ ಬಾಲಕ್ಕೆ ಎ ಸೇರಿದ್ದು ಹೀಗೆ.

ಮೂವತ್ತು ಸೆಂಟಿಮೀಟರ್ ಎತ್ತರ, ಒಳಗೆ ಸುಮಾರು ಐದು ಲೀಟರ್ ಜಾಗ. ನಮ್ಮ ಷಡ್ಡಕರ ಬಳಿ ಒಂದು ಹಳೆಯ ಜೊತೆ ಇದೆ. ಹಿಂಬದಿಯ ಹಲಗೆ ಬಿಚ್ಚಿ ತೋರಿಸಿದ್ದಾರೆ, ಗಡಿಯಾರ ರಿಪೇರಿಯವರ ಗಾಂಭೀರ್ಯದಲ್ಲಿ. ಬರ್ಚ್ ಪ್ಲೈವುಡ್ಡಿನ ಗೋಡೆಗಳಿಗೆ ಡಾಂಬರಿನ ಕಪ್ಪು ಹಾಳೆ ಅಂಟಿಸಿದ್ದಾರೆ, ಅದರ ಮೇಲೆ ಫೋಮು. ಮುಂದುಗಡೆ ಟ್ವೀಟರಿನ ಸುತ್ತ ದಪ್ಪ ಉಣ್ಣೆಬಟ್ಟೆಯ ಚೌಕಟ್ಟು, ಪೆಟ್ಟಿಗೆಯ ಅಂಚಿಗೆ ಬಡಿದು ಮರಳುವ ಧ್ವನಿಯನ್ನು ಅಲ್ಲೇ ಹೀರಲಿಕ್ಕೆ. ಹಿಂದೆ, ಸ್ವರಗಳನ್ನು ಕೋನಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಹಲಗೆಯಲ್ಲಿ ಹಲವು ಕೊಂಡಿಗಳ ಪುಟ್ಟ ಟ್ರಾನ್ಸ್‌ಫಾರ್ಮರ್. ಕಾರ್ಖಾನೆಯಲ್ಲಿ ಒಂದೊಂದು ಟ್ವೀಟರಿನ ಗಂಟಲೂ ತುಸು ಬೇರೆ ಬೇರೆ ಇರುವುದರಿಂದ, ಅಳೆದು ನೋಡಿ ತಕ್ಕ ಕೊಂಡಿಗೆ ಬೆಸುಗೆ ಹಾಕಬೇಕು. ಎಲ್ಲೂ ಚಿನ್ನವಿಲ್ಲ, ಬೆಳ್ಳಿಯಿಲ್ಲ.

ಡಾಂಬರಿನ ಹಾಳೆಯ ಹಿಂದೆ ಒಂದು ತರ್ಕವಿದೆ. ಪೆಟ್ಟಿಗೆಯ ಗೋಡೆ ದಪ್ಪ ಮಾಡಿದರೆ ಅದು ಹಾಡುವುದು ನಿಲ್ಲುವುದಿಲ್ಲ, ಇನ್ನೂ ಮೇಲಿನ ಸ್ವರದಲ್ಲಿ ಹಾಡುತ್ತದೆ, ಕಿವಿಗೆ ಅದು ಬೇಗ ಚುಚ್ಚುತ್ತದೆ. ತೆಳು ಗೋಡೆ ಮಾಡಿ, ಭಾರದ ಮೆತ್ತನೆಯ ಹಾಳೆ ಅಂಟಿಸಿದರೆ ಹಾಡು ತಗ್ಗಿಗೆ ಇಳಿದು ಅಲ್ಲೇ ಉಸಿರುಗಟ್ಟುತ್ತದೆ. ಬಿಬಿಸಿಯವರ ಮತ ಇದು. ಯಾರ್ಕ್‌ಷೈರಿನ ಗಿಲ್ಬರ್ಟ್ ಬ್ರಿಗ್ಸ್ ಮಾತ್ರ ಎರಡು ಹಲಗೆಗಳ ನಡುವೆ ಒಣಮರಳು ತುಂಬಿಸಿದ್ದರು, ಅದೂ ಚೆನ್ನಾಗಿಯೇ ಬಾಯಿ ಮುಚ್ಚಿಸುತ್ತಿತ್ತು. ಸ್ಪೀಕರ್ ಕೊಳ್ಳಲು ಹೋದವರು ಗೆಣ್ಣಿನಿಂದ ಪೆಟ್ಟಿಗೆ ಬಡಿದು ನೋಡಿ ತಲೆಯಾಡಿಸುವುದು ಕಂಡಿದ್ದೇನೆ. ಅದರಿಂದ ಹೆಚ್ಚಿನದೇನೂ ತಿಳಿಯುವುದಿಲ್ಲ, ಆದರೆ ಅಂಗಡಿಯವನಿಗೆ ಇವರು ತಿಳಿದವರು ಅನ್ನಿಸುತ್ತದೆ.

ಈ ದೇವತೆಗೂ ಎರಡು ದೋಷ. ಒಂದು, ಸೋಮಾರಿತನ. ಒಳಗೆ ಹೋದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಸಾವಿರಕ್ಕೆ ಒಂದು ಪಾಲು ಧ್ವನಿಯಾಗುತ್ತದೆ, ಮಿಕ್ಕದ್ದು ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಅಷ್ಟು ಕೊಟ್ಟರೆ ಸುರುಳಿಯೇ ಕರಕಲು. ಎರಡು, ಒಂದು ಚಿಕ್ಕ ಸುಳ್ಳು. ಐದು ಲೀಟರಿನ ಪೆಟ್ಟಿಗೆಗೆ ನಿಜವಾದ ಬೇಸ್ ಬಾರದು, ಅದಕ್ಕೆ 100ರಿಂದ 200 ಹರ್ಟ್ಸಿನ ನಡುವೆ ಧ್ವನಿಯನ್ನು ತುಸು ಉಬ್ಬಿಸಿದೆ. ಕೇಳಿದವರಿಗೆ ಬೇಸ್ ಇದ್ದ ಹಾಗೆ ಭ್ರಮೆ. ಸತ್ಯಸಂಧರಾದ ಬಿಬಿಸಿಯವರೂ ಇಷ್ಟು ಮಾಡಿದ್ದಾರೆ ಎಂದು ನಾನು ಆಡಿಕೊಂಡಾಗ ಷಡ್ಡಕರು ಎರಡು ದಿನ ಫೋನು ಎತ್ತಲಿಲ್ಲ. ಮೂರನೆಯ ದಿನ ತಾವೇ ಮಾಡಿ, ಬಿಳಿ ಒಂದರ ಶ್ರುತಿಯಲ್ಲಿ ಹಾಡುವವರ ತಂಬೂರಿಯ ಮಂದ್ರ ಷಡ್ಜ 65 ಹರ್ಟ್ಸ್ ಆಸುಪಾಸು ತಾನೇ, ಅದು ನನ್ನ ಸ್ಪೀಕರಿನಲ್ಲಿ ಕೇಳಿಸುತ್ತದಲ್ಲ, ಎಂದು ಸವಾಲು ಹಾಕಿದರು. ಕೇಳಿಸುತ್ತದೆ, ಸರಿ. ಸ್ಪೀಕರ್ ಅದನ್ನು ನುಡಿಸುತ್ತಿರುವುದು ಅಷ್ಟಕ್ಕಷ್ಟೆ. ಜೀವಾಳದ ದಾರ ಹುಟ್ಟಿಸುವ ಮೇಲಿನ ಉಪಸ್ವರಗಳ ಸಾಲು ಕಿವಿಗೆ ಬಿದ್ದರೆ ಸಾಕು, ತಳದ ಸ್ವರವನ್ನು ಮಿದುಳೇ ಹಾಕಿಕೊಳ್ಳುತ್ತದೆ. ಹಾಗಾದರೆ ಬೇಸ್ ನನ್ನ ತಲೆಯಲ್ಲೇ ಇದೆ ಅನ್ನಿ ಎಂದರು. ಅವರ ಸಂಸಾರದವರು ಬಹಳ ದಿನದಿಂದ ಹೇಳುತ್ತಿರುವುದೂ ಸುಮಾರು ಅದೇ.

ತಂತಿಯ ವಿಷಯಕ್ಕೆ ಬರಬಾರದೆಂದಿದ್ದೆ. ಆದರೆ ಅವರು ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಎಳೆದಿರುವ ತಂತಿ ಹೆಬ್ಬಾವಿನ ಮರಿಯಷ್ಟು ದಪ್ಪ, ನೆಲ ಮುಟ್ಟಬಾರದೆಂದು ಅದಕ್ಕೆ ಮರದ ಪುಟ್ಟ ಆನಿಕೆಗಳು ಬೇರೆ. ಕರೆಂಟಿನ ಅಂಗಡಿಯಲ್ಲಿ ಮೀಟರ್ ಲೆಕ್ಕಕ್ಕೆ ಸಿಗುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಮೂರು ಮೀಟರ್ ದೂರಕ್ಕೆ, ಹೋಗಿ ಬರುವುದೂ ಸೇರಿ, ಒಂದು ಓಮಿನ ಇಪ್ಪತ್ತರಲ್ಲಿ ಒಂದು ಪಾಲೂ ತಡೆ ಒಡ್ಡುವುದಿಲ್ಲ. ಸ್ಪೀಕರಿನ ತಡೆ ಎಂಟು ಓಮ್ ಇದ್ದರೆ ಇದು ಲೆಕ್ಕಕ್ಕೇ ಬಾರದು. ಇನ್ನೂ ತಮಾಷೆ ಪೆಟ್ಟಿಗೆಯ ಒಳಗಿದೆ. ಹೆಬ್ಬಾವು ತಂದು ಬಿಟ್ಟ ವಿದ್ಯುತ್ತು ಅಲ್ಲಿಂದ ಮುಂದೆ ಹೋಗುವುದು ಕ್ರಾಸ್‌ಓವರಿನ ಸುರುಳಿಯ ಮೂಲಕ, ಆಮೇಲೆ ಕೋನಿನ ಕತ್ತಿಗೆ ಸುತ್ತಿದ, ಹಲವಾರು ಮೀಟರ್ ಉದ್ದದ, ಕೂದಲೆಳೆಯಂಥ ತಂತಿಯ ಮೂಲಕ. ಅದನ್ನು ಯಾರೂ ಬದಲಾಯಿಸಲು ಹೋಗುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲವಲ್ಲ.

ಕ್ರಾಸ್‌ಓವರಿಗೆ ಹಣ ಹಾಕಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ತಗ್ಗಿನ ಸ್ವರ ದೊಡ್ಡ ಕೋನಿಗೆ, ಮೇಲಿನದು ಟ್ವೀಟರಿಗೆ ಎಂದು ಪಾಲು ಹಂಚುವುದು ಅದೇ. ಹಂಚುವ ಗಡಿಯಲ್ಲಿ ಎರಡೂ ಒಟ್ಟಿಗೆ ಹಾಡುತ್ತವೆ, ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದರೆ ಗಡಿಯಲ್ಲಿ ಗುಂಡಿ ಬೀಳುತ್ತದೆ. 1976ರಲ್ಲಿ ಹ್ಯೂಲೆಟ್ ಪ್ಯಾಕರ್ಡಿನ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್, ಸಹೋದ್ಯೋಗಿ ರಸ್ ರೈಲಿ ಜೊತೆ, ಇದನ್ನು ಅಚ್ಚುಕಟ್ಟಾಗಿ ಪರಿಹರಿಸುವ ಲೆಕ್ಕ ಕೊಟ್ಟರು. ಆ ಹಂಚಿಕೆಯಲ್ಲಿ ಎಡವಟ್ಟಾದ ಸ್ಪೀಕರಿನಲ್ಲಿ ವಾರ್ತೆ ಓದುವವರಿಗೆಲ್ಲ ನೆಗಡಿಯಾಗಿರುತ್ತದೆ.

ಹಾಗಾದರೆ ಯಾವುದು ಒಳ್ಳೆಯದು ಎಂದು ತೀರ್ಮಾನಿಸುವುದು ಹೇಗೆ? ಎಡಿಸನ್ ಕಂಪನಿಯವರು 1915ರಿಂದ ಊರೂರಲ್ಲಿ ಸಭೆ ಸೇರಿಸಿ, ಗಾಯಕಿಯನ್ನೂ ಫೋನೋಗ್ರಾಫನ್ನೂ ಅಕ್ಕಪಕ್ಕ ನಿಲ್ಲಿಸಿ, ದೀಪ ಆರಿಸಿ, ಯಾರು ಹಾಡುತ್ತಿದ್ದಾರೆ ಹೇಳಿ ನೋಡೋಣ ಎನ್ನುತ್ತಿದ್ದರು. ಜನ ತಬ್ಬಿಬ್ಬಾಗುತ್ತಿದ್ದರು. ಆ ಗಾಯಕಿಯರಲ್ಲಿ ಒಬ್ಬರಾದ ಅನ್ನಾ ಕೇಸ್ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡ ಗುಟ್ಟೇನೆಂದರೆ, ಅವರು ತಮ್ಮ ಗಂಟಲನ್ನೇ ಯಂತ್ರದ ಹಾಗೆ ಮಾಡಿಕೊಂಡು ಹಾಡುತ್ತಿದ್ದರು. ಯಂತ್ರ ಮನುಷ್ಯನಂತಾಗುವುದು ಕಷ್ಟವಾದರೆ ಇದೂ ಒಂದು ದಾರಿ.

ಕೆನಡಾದ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿಯ ದಾರಿ ಇದಕ್ಕಿಂತ ನೆಟ್ಟಗಿತ್ತು. ಧ್ವನಿ ದಾಟುವ ಆದರೆ ನೋಟ ದಾಟದ ಪರದೆ ಇಳಿಬಿಟ್ಟು, ಹಿಂದೆ ಸ್ಪೀಕರ್ ಬದಲಾಯಿಸಿ, ಜನರಿಂದ ಅಂಕ ಹಾಕಿಸಿದರು. ಕಣ್ಣು ಕಟ್ಟಿದಾಗ ಬಹುಪಾಲು ಮಂದಿಗೆ ಹಿಡಿಸುವುದು ಒಂದೇ ಜಾತಿಯ ಸ್ಪೀಕರ್: ಎಲ್ಲ ಸ್ವರಕ್ಕೂ ಸಮನಾದದ್ದು, ಪಕ್ಕಕ್ಕೆ ಚೆಲ್ಲುವ ಧ್ವನಿಯಲ್ಲೂ ನಯ ಕಳೆದುಕೊಳ್ಳದ್ದು. 1994ರಲ್ಲಿ ಅವರೂ ಶಾನ್ ಆಲಿವ್ ಅವರೂ ಸೇರಿ ನಲವತ್ತು ಕೇಳುಗರನ್ನು ಕೂರಿಸಿ, ಅದೇ ಸ್ಪೀಕರುಗಳನ್ನು ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರು ಕೇಳಿಸಿದರು. ಕಣ್ಣೆದುರಿಗೆ ಬಂದ ಕೂಡಲೇ ದೊಡ್ಡದಾಗಿ ಅಂದವಾಗಿದ್ದವಕ್ಕೆ ಅಂಕ ಏರಿತು, ಚಿಕ್ಕ ಅಗ್ಗದ ಪ್ಲಾಸ್ಟಿಕ್ಕಿನದಕ್ಕೆ ಇಳಿಯಿತು. ಕಿವಿ ಅದೇ, ಹಾಡು ಅದೇ. ಪಳಗಿದ ಕೇಳುಗರೂ ಇದರಿಂದ ಪಾರಾಗಲಿಲ್ಲ. ಅತ್ತೆಯವರ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿ ಪರೀಕ್ಷೆ ಮಾಡೋಣ ಎಂದು ನಾನು ಷಡ್ಡಕರಿಗೆ ಸೂಚಿಸಿದೆ. ಹತ್ತಿ ಸೀರೆಯ ನೇಯ್ಗೆ ಮೇಲಿನ ಸ್ವರಗಳನ್ನು ತಿನ್ನುತ್ತದೆ ಎಂದು ನುಣುಚಿಕೊಂಡರು. ಮಾತಿನಲ್ಲಿ ಹುರುಳಿದೆ, ಆದರೆ ನುಣುಚಿಕೊಂಡದ್ದೂ ನಿಜ.

ಅವರಿಗೆ ನಾನು ಕೊಟ್ಟ ಏಕೈಕ ಉಪಯುಕ್ತ ಸಲಹೆ ಕೋಣೆಯದು. ಆ ಬ್ರಿಟಿಷ್, ಅಮೆರಿಕನ್ ಸ್ಪೀಕರುಗಳ ಕಲ್ಪನೆಯಲ್ಲಿರುವುದು ಕಂಬಳಿ ಹಾಸಿದ, ಮೆತ್ತೆ ಕುರ್ಚಿ ತುಂಬಿದ ಕೋಣೆ. ಅಮೆರಿಕದ ಮನೆಯ ಜಿಪ್ಸಂ ಹಲಗೆಯ ಗೋಡೆಯಂತೂ ಬೇಸ್ ಬಂದರೆ ತಾನೇ ಸ್ವಲ್ಪ ಅದುರಿ ನುಂಗಿಕೊಳ್ಳುತ್ತದೆ. ನಮ್ಮದು ಇಟ್ಟಿಗೆ, ಸಿಮೆಂಟು, ಕೆಳಗೆ ಗ್ರಾನೈಟು. ಏನನ್ನೂ ನುಂಗುವುದಿಲ್ಲ, ಎಲ್ಲವನ್ನೂ ವಾಪಸು ಎಸೆಯುತ್ತದೆ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಝಣಝಣ ಅನ್ನುತ್ತದಲ್ಲ, ಲಕ್ಷ ಕೊಟ್ಟು ತಂದ ಸ್ಪೀಕರಿನ ಹಾಡಿನ ಹಿಂದೆಯೂ ಅದೇ ಇರುತ್ತದೆ. ಹನ್ನೆರಡು ಅಡಿಯ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನ ಸ್ವರ ಎರಡು ಗೋಡೆಗಳ ನಡುವೆ ಠಿಕಾಣಿ ಹೂಡುತ್ತದೆ. ಗೋಡೆಯ ಬಳಿ ಕೂತರೆ ಗುಂಯ್‌ಗುಡುತ್ತದೆ, ನಟ್ಟನಡುವೆ ಕೂತರೆ ನಾಪತ್ತೆ. ಬಂಗಾಳದಿಂದ ಹೋದವರ ಮಗ ಅಮರ್ ಬೋಸ್ ಈ ಕೋಣೆಯನ್ನೇ ಒಲಿಸಿಕೊಳ್ಳಲು ಹೊರಟು, 1968ರ ತಮ್ಮ 901ರಲ್ಲಿ ಒಂಬತ್ತು ಕೋನುಗಳಲ್ಲಿ ಎಂಟನ್ನು ಹಿಂದಿನ ಗೋಡೆಗೆ ಮುಖಮಾಡಿಸಿದರು. ಅದು ಸರಿಯೋ ತಪ್ಪೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ನನ್ನ ಸಲಹೆ ಕೇಳಿ ಷಡ್ಡಕರು ಕಂಬಳಿ ತರಲಿಲ್ಲ, ಬೇಸ್ ಸಾಲದೆಂದು ಸಬ್‌ವೂಫರ್ ತಂದರು. ಅದನ್ನು ಎಲ್ಲಿಡಬೇಕೆಂದು ಕಂಡುಹಿಡಿಯಲು ಒಂದು ಶಾಸ್ತ್ರೋಕ್ತ ವಿಧಾನವಿದೆ. ನೀವು ಕೂರುವ ಜಾಗದಲ್ಲಿ ಅದನ್ನು ಕೂರಿಸಿ, ಹಾಡು ಹಾಕಿ, ಅದು ಇರಬಹುದಾದ ಜಾಗಗಳಲ್ಲೆಲ್ಲ ನೀವು ಅಂಬೆಗಾಲಿಕ್ಕಿ ಹೋಗಿ ನೆಲಮಟ್ಟದಲ್ಲಿ ಕಿವಿಗೊಡಬೇಕು. ಬೇಸ್ ಎಲ್ಲಿ ಸಮನಾಗಿ ಕೇಳುತ್ತದೋ ಅಲ್ಲಿಡಬೇಕು. ಧ್ವನಿ ಹೊರಡುವ ಜಾಗ, ಕೇಳುವ ಜಾಗ ಅದಲುಬದಲಾದರೂ ಫಲ ಒಂದೇ ಎಂಬುದು ಹತ್ತೊಂಬತ್ತನೆಯ ಶತಮಾನದಿಂದ ತಿಳಿದ ಭೌತಶಾಸ್ತ್ರ, ಇದರಲ್ಲಿ ತಮಾಷೆ ಏನೂ ಇಲ್ಲ. ಸೋಫಾದ ಮೇಲೆ ಸಬ್‌ವೂಫರ್ ಆಸೀನವಾಗಿ ಗುಡುಗುತ್ತಿತ್ತು, ಬ್ಯಾಂಕಿನಲ್ಲಿ ಮುಖ್ಯ ವ್ಯವಸ್ಥಾಪಕರಾಗಿರುವ ನಮ್ಮ ಷಡ್ಡಕರು ಪಂಚೆ ಎತ್ತಿಕಟ್ಟಿ ಟೀಪಾಯಿಯ ಕೆಳಗಿನಿಂದ ಹೊರಬರುತ್ತಿದ್ದರು, ಅದೇ ಹೊತ್ತಿಗೆ ಅತ್ತೆಯವರು ಹೂವಿನ ಬುಟ್ಟಿ ಹಿಡಿದು ಒಳಗೆ ಬಂದರು. ಏನು ಬಿದ್ದುಹೋಯಿತು ಎಂದು ಕೇಳಿದರು. ನಲವತ್ತೇಳು ಹರ್ಟ್ಸ್ ಎಂದು ನಾನೇ ಉತ್ತರ ಕೊಟ್ಟೆ.

ಶಾಸ್ತ್ರ ತೋರಿಸಿದ ಜಾಗ ದೇವರಮನೆಯ ಬಾಗಿಲಿನ ಪಕ್ಕಕ್ಕೇ ಬಂತು. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆವು. ಅತ್ತೆಯವರು ಅದರ ಎತ್ತರ ನೋಡಿದರು, ಅಂಗೈಯಿಂದ ಮೇಲಿನ ಹಲಗೆ ಒರೆಸಿದರು, ಹೂವಿನ ಬುಟ್ಟಿ ಅಲ್ಲಿಟ್ಟು ಕೈ ತೊಳೆಯಲು ಹೋದರು. ಷಡ್ಡಕರು ಈಗ ಊಟಕ್ಕೆ ಬಂದವರಿಗೆಲ್ಲ, ಆ ಬುಟ್ಟಿಯ ಭಾರದಿಂದ ಪೆಟ್ಟಿಗೆಯ ಅದುರು ಎಷ್ಟು ತಗ್ಗಿದೆ ಎಂದು, ಬುಟ್ಟಿ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಕೇಳಿಸಿ ತೋರಿಸುತ್ತಾರೆ.